ಇಷ್ಟು ದೂರ ಬಂದಿದೀವಲ್ಲ: ಕಾಡು, ಕಡಲು ಎರಡಕ್ಕೂ ಒಂದೇ ಟ್ರಿಪ್ ಪ್ಲಾನ್ ಮಾಡೋದು ಹೇಗೆ?

 

ಇವತ್ತು ಟ್ರಿಪ್ ಬಗ್ಗೆ ಮಾತಾಡೋಣ. ಪ್ರತಿ ಫ್ರೆಂಡ್ಸ್ ಗ್ರೂಪ್‌ನಲ್ಲೂ ಬರೋ ಬೇಡಿಕೆ ಒಂದೇ. ಒಬ್ಬನಿಗೆ ಬೀಚ್ ಬೇಕು, ಇನ್ನೊಬ್ಬಳಿಗೆ ಕಾಡು ಬೇಕು, ಮೂರನೆಯವರಿಗೆ ಸ್ಕೂಬಾನೋ ರಾಫ್ಟಿಂಗೋ ಏನಾದ್ರೂ ಮೈ ಜುಮ್ಮೆನ್ನೋದು ಬೇಕು. ಇದಕ್ಕೆ ಬಾಲಿಗೋ ಥಾಯ್ಲೆಂಡ್‌ಗೋ ಹೋಗಲೇಬೇಕು ಅಂತೇನಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲಿ ಮಳೆಕಾಡಿನಿಂದ ಕಡಲಿಗೆ ಬಸ್ಸಲ್ಲಿ ಎರಡು ಗಂಟೆ. ಆಗುಂಬೆಯಿಂದ ಉಡುಪಿಗೆ ಸುಮಾರು 55 ಕಿಲೋಮೀಟರ್ ಅಷ್ಟೇ.

ಆದರೆ ಜಾಗದ ಪಟ್ಟಿ ಮಾತ್ರ ಹೇಳೋದಾದ್ರೆ ನಾನು ಬೇಕಾಗಿಲ್ಲ, ರೀಲ್ಸ್ ಸಾಕು. ನಾನು ಹೇಳಬೇಕು ಅಂದುಕೊಂಡಿರೋದು ಒಂದು ವಾಕ್ಯದ ಬಗ್ಗೆ. ನೀವೂ ಹೇಳಿರ್ತೀರ, ಕೇಳಿರ್ತೀರ. "ಇಷ್ಟು ದೂರ ಬಂದಿದೀವಲ್ಲ, ಒಂದ್ಸಲ ಇಳಿದುಬಿಡೋಣ."

ನಾನು ಓದಿದ್ದು ಬಿ.ಕಾಂ. ಅಲ್ಲಿ ಸಂಕ್ ಕಾಸ್ಟ್ ಅಂತ ಒಂದು ಪಾಠ ಇದೆ. ಒಂದು ಸಲ ಖರ್ಚಾಗಿ ಹೋದ ದುಡ್ಡು, ಏನು ಮಾಡಿದ್ರೂ ವಾಪಸ್ ಬರಲ್ಲ. ಹಾಗಾಗಿ ಮುಂದಿನ ತೀರ್ಮಾನ ತಗೊಳ್ಳೋವಾಗ ಅದನ್ನ ಲೆಕ್ಕಕ್ಕೆ ಹಿಡೀಬಾರದು. ಪರೀಕ್ಷೆಯಲ್ಲಿ ಇದು ಎರಡು ಮಾರ್ಕ್ಸ್ ಪ್ರಶ್ನೆ. ಕಡಲ ತೀರದಲ್ಲಿ ಜೀವದ ಪ್ರಶ್ನೆ. 480 ಕಿಲೋಮೀಟರ್ ಪ್ರಯಾಣ ಮಾಡಿ, ರಾತ್ರಿಯಿಡೀ ನಿದ್ದೆ ಕೆಟ್ಟು, ರೂಮಿಗೆ ದುಡ್ಡು ಕಟ್ಟಿ ಬಂದಿರ್ತೀವಿ. ಎದುರಿಗೆ ಕೆಂಪು ಬಾವುಟ ಹಾರ್ತಿರುತ್ತೆ. ಆಗ ನಮ್ಮ ತಲೆ ಅಲೆಯನ್ನ ನೋಡಲ್ಲ, ಕೊಟ್ಟ ದುಡ್ಡನ್ನ ನೋಡುತ್ತೆ.

ಅದಕ್ಕೇ ನನ್ನ ಪ್ರಕಾರ ಒಳ್ಳೆ ಪ್ಲಾನ್ ಅಂದ್ರೆ, ಅಲ್ಲಿ ಹೋಗಿ ನಿಂತಾಗ "ಇವತ್ತು ಬೇಡ" ಅಂತ ಆರಾಮಾಗಿ ಹೇಳೋಕೆ ಆಗುವಂಥ ಪ್ಲಾನ್. ಅದನ್ನ ಮನೆಯಲ್ಲಿ ಕೂತಾಗಲೇ ಮಾಡಬೇಕು. ಹೇಗೆ ಅಂತ ನೋಡೋಣ.

ಮೊದಲು ಕಾಲ, ಆಮೇಲೆ ಜಾಗ

ನಾವು ಸಾಮಾನ್ಯವಾಗಿ ಏನು ಮಾಡ್ತೀವಿ? ಕ್ಯಾಲೆಂಡರ್ ತೆಗೆದು ಲಾಂಗ್ ವೀಕೆಂಡ್ ಎಲ್ಲಿದೆ ಅಂತ ಹುಡುಕ್ತೀವಿ. ಆಗಸ್ಟ್ 15 ಶುಕ್ರವಾರ ಬಂತಾ, ಗೋಕರ್ಣ ಬುಕ್. ಇಲ್ಲೇ ಲೆಕ್ಕ ತಪ್ಪೋದು.

ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರೋ ಮುಂಗಾರು ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತೆ. ಗಾಳಿ ಮೇಲೇರಿ ತಣ್ಣಗಾಗಿ ಅಲ್ಲೇ ಮಳೆ ಸುರಿಸುತ್ತೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಬೆಂಗಳೂರಿಗೆ ಬೀಳೋದರ ಏಳು ಪಟ್ಟು ಅಂತ ಇಟ್ಕೊಳ್ಳಿ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಬಿದ್ದಿತ್ತು. ಈ ಮಳೆ ಇರೋದಕ್ಕೇ ಅಲ್ಲಿ ಮಳೆಕಾಡು ಇದೆ. ಆದ್ರೆ ಕಾಡನ್ನ ಹಸಿರು ಮಾಡೋ ಅದೇ ಮುಂಗಾರು ಕಡಲನ್ನ ಕೆರಳಿಸುತ್ತೆ. ಕಾಡು ತುಂಬು ಚೆಲುವಿನಲ್ಲಿರೋ ತಿಂಗಳಲ್ಲಿ ಕಡಲಿಗೆ ಇಳಿಯೋ ಹಾಗಿಲ್ಲ. ಎರಡೂ ಒಟ್ಟಿಗೆ ಬೇಕು ಅಂದ್ರೆ ಮಧ್ಯದ ಒಂದು ಸಂದು ಹುಡುಕಬೇಕು.

ವರ್ಷವನ್ನ ನಾನು ಮೂರು ಭಾಗ ಮಾಡ್ಕೊಂಡಿದೀನಿ.

ಜೂನ್‌ನಿಂದ ಸೆಪ್ಟೆಂಬರ್: ಕಡಲನ್ನ ದಡದಿಂದ ನೋಡಿ, ಅಷ್ಟೇ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತೆ. ಮೀನಿನ ಸಂತಾನ ಉಳಿಯಲಿ ಅನ್ನೋದು ಅದರ ಮುಖ್ಯ ಕಾರಣ. ಆದ್ರೆ ಹುಟ್ಟಿದಾಗಿಂದ ಕಡಲು ನೋಡಿದವರೇ ದೋಣಿ ದಡಕ್ಕೆಳೆದು ಕೂತಿರೋ ತಿಂಗಳಲ್ಲಿ ನಾವು ಶಾರ್ಟ್ಸ್ ಹಾಕ್ಕೊಂಡು ಇಳಿಯೋದು ಎಷ್ಟು ಸರಿ, ನೀವೇ ಯೋಚಿಸಿ. ಜಲಪಾತಕ್ಕೆ ಇದೇ ಸುಗ್ಗಿ ಕಾಲ. 253 ಮೀಟರ್ ಎತ್ತರದ ಜೋಗ ಮೈದುಂಬಿರೋದು ಆಗಲೇ. ಆದ್ರೆ ಘಾಟಿ ರಸ್ತೆಯ ಬಗ್ಗೆ ಎಚ್ಚರ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಿದ್ದು ನೆನಪಿರಬಹುದು. ರಸ್ತೆ ಪಕ್ಕ ಚಹಾ ಕುಡೀತಿದ್ದವರು, ಲಾರಿ ನಿಲ್ಲಿಸಿದ್ದವರು ಪ್ರಾಣ ಕಳ್ಕೊಂಡ್ರು. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಘಟ್ಟ ಇಳಿಯೋ ಪ್ಲಾನ್ ಇಟ್ಕೋಬೇಡಿ.

ಅಕ್ಟೋಬರ್ ಕೊನೆಯಿಂದ ಜನವರಿ: ನಾನು ಹೇಳಿದ ಸಂದು ಇದೇ. ಮಳೆ ನಿಂತಿರುತ್ತೆ, ಕಾಡು ಇನ್ನೂ ಹಸಿ ಇರುತ್ತೆ, ತೊರೆಗಳಲ್ಲಿ ನೀರಿರುತ್ತೆ, ಕಡಲು ತಣ್ಣಗಾಗ್ತಾ ಬರುತ್ತೆ. ಅದರಲ್ಲೂ ನವೆಂಬರ್ ನನ್ನ ಆಯ್ಕೆ. ಡಿಸೆಂಬರ್ ಕೊನೆ ವಾರ ಗೋಕರ್ಣದ ಕಡೆ ರೂಮಿನ ರೇಟ್ ಮತ್ತು ಜನ ಎರಡೂ ಏರಿರುತ್ತೆ. ಒಂದು ಮಾತು, ಅರಬ್ಬಿ ಸಮುದ್ರದಲ್ಲಿ ಮುಂಗಾರಿಗೆ ಮುಂಚೆ ಮತ್ತು ಆಮೇಲೆ ಚಂಡಮಾರುತ ಏಳೋದುಂಟು. ಹಾಗಾಗಿ ನವೆಂಬರ್‌ನಲ್ಲೂ ಮುನ್ಸೂಚನೆ ನೋಡಿಯೇ ಹೊರಡಿ.

ಫೆಬ್ರವರಿಯಿಂದ ಮೇ: ಕಡಲು, ನದಿ ಎರಡಕ್ಕೂ ಚೆನ್ನಾಗಿದೆ. ದಾಂಡೇಲಿ ಹತ್ತಿರ ಗಣೇಶಗುಡಿಯಲ್ಲಿ ಕಾಳಿ ನದಿ ರಾಫ್ಟಿಂಗ್ ಬೇಸಿಗೆಯಲ್ಲೂ ನಡೆಯುತ್ತಲ್ಲ, ಅದು ಹೇಗೆ ಗೊತ್ತಾ? ಮೇಲ್ಗಡೆ ಸೂಪಾ ಅಣೆಕಟ್ಟಿದೆ. ಕರೆಂಟ್ ಉತ್ಪಾದನೆಗೆ ಬಿಟ್ಟ ನೀರೇ ರಾಫ್ಟಿಂಗ್‌ಗೆ ಆಧಾರ. ನೀರು ಬಿಡದ ದಿನ ರಾಫ್ಟಿಂಗ್ ಇಲ್ಲ. ಅಡ್ವಾನ್ಸ್ ಕಟ್ಟೋ ಮುಂಚೆ "ನೀರು ಬಿಡದಿದ್ರೆ ದುಡ್ಡು ವಾಪಸ್ಸಾ?" ಅಂತ ಕೇಳಿ, ಉತ್ತರವನ್ನ ಮೆಸೇಜ್‌ನಲ್ಲಿ ಬರೆಸ್ಕೊಳ್ಳಿ. ಆದ್ರೆ ಈ ತಿಂಗಳುಗಳಲ್ಲಿ ಕಾಡು ಒಣಗಿರುತ್ತೆ, ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸೋದೂ ಇದೆ.

ಆರು ದಿನ, ನಾಲ್ಕು ರಜೆ

ಈಗ ನವೆಂಬರ್ ಪ್ಲಾನ್. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು, ಶನಿವಾರ ಬೆಳಗ್ಗೆ ತೀರ್ಥಹಳ್ಳಿ ಕಡೆಯಿಂದ ಆಗುಂಬೆ. ಶನಿವಾರ, ಭಾನುವಾರ ಕಾಡು. ಸೋಮವಾರ ಹದಿನಾಲ್ಕು ತಿರುವಿನ ಘಾಟಿ ಇಳಿದು ಹೆಬ್ರಿ ಮೇಲೆ ಉಡುಪಿ. ಅಲ್ಲಿ ಊಟ ಮಾಡಿ ಹೆದ್ದಾರಿ ಹಿಡಿದು ಉತ್ತರಕ್ಕೆ ಮುರುಡೇಶ್ವರ. ಮಂಗಳವಾರ ನೇತ್ರಾಣಿಯಲ್ಲಿ ಸ್ಕೂಬಾ. ಬುಧವಾರ ಖಾಲಿ. ಗುರುವಾರ ಹೊನ್ನಾವರ ನೋಡಿಕೊಂಡು ಗೋಕರ್ಣ, ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್. ಶುಕ್ರವಾರ ಬೆಳಗ್ಗೆ ಬೆಂಗಳೂರು. ರೈಲು ಟಿಕೆಟ್ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತೆ, ಮೊದಲು 120 ದಿನ ಇತ್ತು. ಹಾಗಾಗಿ ಸೆಪ್ಟೆಂಬರ್‌ನಲ್ಲೇ ಫೋನಲ್ಲಿ ರಿಮೈಂಡರ್ ಹಾಕ್ಕೊಳ್ಳಿ.

ವೀಕೆಂಡ್‌ನಲ್ಲಿ ಕಾಡು, ವಾರದ ಮಧ್ಯೆ ಬೀಚ್. ಬೀಚ್‌ನಲ್ಲಿ ಜನ ಕಮ್ಮಿ, ರೂಮ್ ರೇಟ್ ಕಮ್ಮಿ, ಡೈವಿಂಗ್ ದೋಣಿಯಲ್ಲೂ ನೂಕುನುಗ್ಗಲು ಕಮ್ಮಿ.

ಮೊದಲು ಕಾಡು, ಆಮೇಲೆ ಕಡಲು ಅಂತ ಇಟ್ಟಿರೋದಕ್ಕೆ ಇನ್ನೊಂದು ಕಾರಣ ಇದೆ. ಸ್ಕೂಬಾ ಮಾಡುವಾಗ ಒತ್ತಡದಲ್ಲಿ ಉಸಿರಾಡ್ತೀವಿ, ನೈಟ್ರೋಜನ್ ನಮ್ಮ ಮೈಯಲ್ಲಿ ಕರಗುತ್ತೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರಲ್ಲಿ ಒತ್ತಡ ಕಡಿಮೆ ಇರೋ ಎತ್ತರಕ್ಕೆ ಹೋದ್ರೆ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳಬಹುದು. ಅದಕ್ಕೇ ಒಂದು ಡೈವ್ ಆದ್ಮೇಲೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅನ್ನೋ ನಿಯಮ ಇದೆ. ಘಟ್ಟ ಹತ್ತೋದೂ ಸಣ್ಣ ಪ್ರಮಾಣದಲ್ಲಿ ಇದೇ ಲೆಕ್ಕ. ಆಗುಂಬೆ ಇರೋದು ಸುಮಾರು 650 ಮೀಟರ್ ಎತ್ತರದಲ್ಲಿ. ಬೆಳಗ್ಗೆ ಡೈವ್, ಮಧ್ಯಾಹ್ನ ಘಾಟಿ ಅನ್ನೋ ಪ್ಲಾನ್ ಬೇಡ. ಡೈವ್ ಆದ ರಾತ್ರಿ ಕರಾವಳಿಯಲ್ಲೇ ಮಲಗಿ.

ಇನ್ನು ಆ ಖಾಲಿ ಬುಧವಾರ. ಗ್ರೂಪ್‌ನಲ್ಲಿ ಎಲ್ಲರೂ ಕೇಳೋದು, "ಒಂದು ದಿನ ಯಾಕೆ ವೇಸ್ಟ್?" ಕಳೆದ ಸಲ ನಾವು ಹೋದಾಗ ಬೆಳಗ್ಗೆ ಏಳಕ್ಕೆ ದೋಣಿಯವರು ಗಾಳಿ ಜೋರಿದೆ, ಇವತ್ತು ಹೊರಡಲ್ಲ ಅಂದ್ರು. ನಮ್ಮ ಪಕ್ಕ ಇನ್ನೊಂದು ಗ್ರೂಪ್ ಇತ್ತು. ಅವರಿಗೆ ಅವತ್ತೇ ರಾತ್ರಿ ಬಸ್ಸು. "ಇಷ್ಟು ದೂರ ಬಂದಿದೀವಿ ಸಾರ್, ಸ್ವಲ್ಪ ದೂರನಾದ್ರೂ ಕರ್ಕೊಂಡು ಹೋಗಿ" ಅಂತ ಅರ್ಧ ಗಂಟೆ ಜಗಳ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ, ಅವರ ಹತ್ತಿರ ಬೇರೆ ದಿನವೇ ಇರಲಿಲ್ಲ. ನಾವು ವಾಪಸ್ ಬಂದು ನೀರ್‌ದೋಸೆ ತಿಂದು ಮಲಗಿದ್ವಿ. ಮಾರನೇ ದಿನ ಗಾಳಿ ಇಳಿದಿತ್ತು, ಹೋದ್ವಿ. ನಮಗೂ ಅವರಿಗೂ ಇದ್ದ ವ್ಯತ್ಯಾಸ ಒಂದು ಖಾಲಿ ದಿನ. ಮಂಗಳವಾರವೇ ಡೈವ್ ಆಗಿಬಿಟ್ರೆ ಬುಧವಾರ ವೇಸ್ಟ್ ಏನಲ್ಲ, ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಹಾಕಿರೋ ಮರದ ಹಾದಿಯಲ್ಲಿ ನಡೀಬಹುದು, ಹಿನ್ನೀರಲ್ಲಿ ಕಯಾಕ್ ಮಾಡಬಹುದು. ಅಲ್ಲೇ ಕಾಸರಕೋಡು ಬೀಚ್ ಇದೆ, 2020ರಲ್ಲಿ ಪಡುಬಿದ್ರಿ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ ಬೀಚ್.

ನೇತ್ರಾಣಿ ಬಗ್ಗೆ ಎರಡು ಮಾತು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ ಅದು. ಮೊದಲ ಸಲ ಡೈವ್ ಮಾಡೋರಿಗೆ ಈಜು ಬರಲೇಬೇಕು ಅಂತಿಲ್ಲ, ಜೊತೆಯಲ್ಲಿ ತರಬೇತುದಾರರು ಇರ್ತಾರೆ. ಆದ್ರೆ ಇಳಿಯೋ ಮುಂಚೆ ಆರೋಗ್ಯದ ಫಾರಂ ಕೊಡ್ತಾರೆ. ಅಸ್ತಮಾ, ಹೃದಯದ ತೊಂದರೆ, ಕಿವಿ ಸಮಸ್ಯೆ ಇದ್ರೆ ನಿಜ ಬರೀರಿ. ದುಡ್ಡು ಹೋಗುತ್ತೆ ಅಂತ "ಇಲ್ಲ" ಅಂತ ಟಿಕ್ ಮಾಡೋದು ಮತ್ತೆ ಅದೇ ಸಂಕ್ ಕಾಸ್ಟ್ ಬುದ್ಧಿ.

ಕಾಡಿನ ಲೆಕ್ಕ

ಆಗುಂಬೆ ಕಾಳಿಂಗ ಸರ್ಪದ ಊರು. ರಾಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದು ಇಲ್ಲೇ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಚಿತ್ರೀಕರಿಸಿದ್ದೂ ಇಲ್ಲೇ. ಇಲ್ಲಿಗೆ ಬಂದು "ಹಾವು ಕಾಣಲಿಲ್ಲ, ಟ್ರಿಪ್ ವೇಸ್ಟ್" ಅನ್ನಬೇಡಿ. ಕಪ್ಪೆ, ಮಂಗಟ್ಟೆ ಹಕ್ಕಿ, ಮರದ ಕಾಂಡದಲ್ಲಿ ಬೆಳೆದ ಪಾಚಿ, ಸಂಜೆ ಹೊತ್ತು ದೂರದ ಕಡಲಿನ ಮೇಲೆ ಮುಳುಗೋ ಸೂರ್ಯ, ಇಷ್ಟು ಸಾಕು. ಕುಂದಾದ್ರಿ ಬೆಟ್ಟಕ್ಕೆ ಬೆಳಗ್ಗೆ ಬೇಗ ಹೋಗಿ.

ಕಾಡಿನೊಳಗಿನ ದಾರಿಗಳಿಗೆ ಅರಣ್ಯ ಇಲಾಖೆ ಅನುಮತಿ ಬೇಕು. 2024ರ ಜನವರಿ ಕೊನೆಯ ವೀಕೆಂಡ್‌ನಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೋ ನೀವೆಲ್ಲ ನೋಡಿದ್ರಿ. ಅದಾದ್ಮೇಲೆ ರಾಜ್ಯದ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ತಂದ್ರು. ಅರಣ್ಯ ವಿಹಾರ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಟಿಕೆಟ್ ಸಿಗುತ್ತೆ, ದಿನಕ್ಕೆ ಇಷ್ಟೇ ಜನ ಅನ್ನೋ ಮಿತಿ ಇದೆ. ಟಿಕೆಟ್ ಸಿಗದಿದ್ರೆ ಹಿಂದಿನ ದಾರಿಯಿಂದ ಹೋಗೋಣ ಅನ್ನೋ ಲೋಕಲ್ ಐಡಿಯಾಗೆ ಬೀಳಬೇಡಿ. ಕಾಡಲ್ಲಿ ಸಿಗ್ನಲ್ ಇರಲ್ಲ. ನೀವು ಒಳಗೆ ಹೋಗಿದ್ದು ಯಾರ ಪುಸ್ತಕದಲ್ಲೂ ಬರೆದಿಲ್ಲ ಅಂದ್ರೆ, ಹುಡುಕೋಕೂ ಯಾರೂ ಬರಲ್ಲ.

ಇಂಬಳಕ್ಕೆ ಹೆದರಬೇಡಿ, ಉದ್ದ ಕಾಲುಚೀಲ, ಸ್ವಲ್ಪ ಉಪ್ಪು ಸಾಕು. ಗಮನ ಕೊಡಬೇಕಾದ್ದು ಉಣುಗಿನ ಬಗ್ಗೆ. ಮಂಗನ ಕಾಯಿಲೆ ಹರಡೋದು ಅದರಿಂದ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಡಿಸೆಂಬರ್‌ನಿಂದ ಮಳೆ ಶುರುವಾಗೋವರೆಗೆ ಅದರ ಕಾಲ. ಆಗ ಹೋಗೋದಾದ್ರೆ ತುಂಬು ತೋಳಿನ ಬಟ್ಟೆ ಹಾಕಿ, ಒಣಗಿದ ಎಲೆ ಮೇಲೆ ಕೂರಬೇಡಿ, ಬಂದ ತಕ್ಷಣ ಸೋಪು ಹಚ್ಚಿ ಸ್ನಾನ ಮಾಡಿ. ವಾಪಸ್ ಬಂದ ಒಂದೆರಡು ವಾರದಲ್ಲಿ ಜ್ವರ ಬಂದ್ರೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಡಾಕ್ಟರ್‌ಗೆ ಮರೀದೆ ಹೇಳಿ.

ನೀರಿನ ಸೆಳೆತ

ಈಗ ಹೇಳೋದನ್ನ ದಯವಿಟ್ಟು ಎರಡು ಸಲ ಕೇಳಿ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡ್ರು. ಗಮನಿಸಿ, ಡಿಸೆಂಬರ್. ನಾನು ಈಗಷ್ಟೇ ಒಳ್ಳೆ ಕಾಲ ಅಂತ ಹೇಳಿದ ತಿಂಗಳು. ಕಾಲ ಚೆನ್ನಾಗಿದೆ ಅಂದ ಮಾತ್ರಕ್ಕೆ ಕಡಲು ಆಟದ ಮೈದಾನ ಆಗಲ್ಲ.

ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲೇಬೇಕಲ್ಲ? ಅದು ಕೆಲವು ಕಡೆ ಒಂದು ಕಿರಿದಾದ ಕಾಲುವೆ ಥರ ಸೇರಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತೆ. ಇದೇ ರಿಪ್ ಕರೆಂಟ್. ಮೋಸ ಎಲ್ಲಿದೆ ಅಂದ್ರೆ, ಆ ಜಾಗದಲ್ಲಿ ಅಲೆ ಒಡೆಯಲ್ಲ. ಎರಡೂ ಕಡೆ ಬಿಳಿ ನೊರೆ ಇರುತ್ತೆ, ಮಧ್ಯೆ ಶಾಂತವಾಗಿ ಕಾಣುತ್ತೆ. ಈಜು ಬರದವರು "ಇಲ್ಲಿ ಸೇಫ್" ಅಂತ ಅಲ್ಲೇ ಇಳೀತಾರೆ.

ಸಿಕ್ಕಿಹಾಕ್ಕೊಂಡ್ರೆ ದಡದ ಕಡೆ ಎದುರು ಈಜಬೇಡಿ. ಒಳ್ಳೆ ಈಜುಗಾರರೂ ಸುಸ್ತಾಗೋದು ಹಾಗೆ. ಸೆಳೆತ ನಿಮ್ಮನ್ನ ಕೆಳಕ್ಕೆ ಎಳೆಯಲ್ಲ, ದೂರಕ್ಕೆ ಒಯ್ಯುತ್ತೆ. ಅಂಗಾತ ತೇಲಿ, ಕೈ ಎತ್ತಿ ಕರೀರಿ. ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ, ಅಂದ್ರೆ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಿ. ದಡದಲ್ಲಿ ಇರೋರು ಕೈ ಕೈ ಹಿಡಿದು ಇಳೀಬೇಡಿ. ಒಬ್ಬನನ್ನ ಉಳಿಸೋಕೆ ಹೋಗಿ ಮೂವರು ಹೋದ ಸುದ್ದಿ ಓದಿರ್ತೀರ. ಜೀವರಕ್ಷಕರನ್ನ ಕೂಗಿ, 112ಕ್ಕೆ ಕರೆ ಮಾಡಿ, ತೇಲೋ ವಸ್ತು ಏನಿದ್ರೂ ಎಸೀರಿ. ಖಾಲಿ ನೀರಿನ ಕ್ಯಾನ್ ಆದ್ರೂ ಸರಿ. ಇನ್ನು ಕುಡಿದು ನೀರಿಗೆ ಇಳಿಯೋದು, ಅದರ ಬಗ್ಗೆ ಚರ್ಚೆಯೇ ಬೇಡ.

ಜೀವರಕ್ಷಕರು ಸೀಟಿ ಊದಿದಾಗ "ಇವರದ್ದೊಂದು ಕಾಟ" ಅನ್ನಿಸುತ್ತೆ. ಅವರು ಹೆಚ್ಚಿನವರು ಅದೇ ಊರಿನ ಹುಡುಗರು, ಆ ನೀರಿನ ಗುಣ ಗೊತ್ತಿರೋರು. ನಮಗಿಂತ ಒಂದೆರಡು ವರ್ಷ ಚಿಕ್ಕೋರಿದ್ರೂ ಅಲ್ಲಿ ಅವರ ಮಾತೇ ಕೊನೆ.

ದುಡ್ಡಿನ ಲೆಕ್ಕ

ಕೊನೆಗೆ ನನ್ನ ಇಷ್ಟದ ಭಾಗ. ಬಜೆಟ್‌ನ ನಾಲ್ಕು ಡಬ್ಬಿ ಮಾಡಿ: ಓಡಾಟ, ಊಟ ಮತ್ತು ರೂಮು, ಸಾಹಸ, ಕೊನೆಯದು "ಇವತ್ತು ಬೇಡ" ಡಬ್ಬಿ. ಒಬ್ಬರಿಗೆ 12,000 ರೂಪಾಯಿ ಅಂತ ಇಟ್ಕೊಂಡ್ರೆ, ಅದರಲ್ಲಿ 2,000 ಈ ಕೊನೇ ಡಬ್ಬಿಗೆ. ಒಂದು ಹೆಚ್ಚುವರಿ ರಾತ್ರಿಯ ರೂಮು, ಕ್ಯಾನ್ಸಲ್ ಆದ ಟಿಕೆಟ್, ಕತ್ತಲಾದ್ಮೇಲೆ ಆಟೋ, ಎಲ್ಲ ಇದರಲ್ಲಿ. ಖರ್ಚಾಗದಿದ್ರೆ ವಾಪಸ್ ಬರೋ ದಿನ ಎಲ್ಲರೂ ಸೇರಿ ಮೀನೂಟ ಮಾಡಿ.

ಓಡಾಟದಲ್ಲಿ ಉಳಿಸಬಹುದು. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಇಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅನ್ವಯಿಸಲ್ಲ. ಉಡುಪಿ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅದರಲ್ಲಿ ದುಡ್ಡು ಕೊಡಬೇಕು. ಉಳಿಸಬಾರದ ಜಾಗ ಸಾಹಸದ ಡಬ್ಬಿ. ಐನೂರು ರೂಪಾಯಿ ಕಮ್ಮಿಗೆ ಕರ್ಕೊಂಡು ಹೋಗ್ತೀನಿ ಅನ್ನೋರು ಆ ಐನೂರನ್ನ ಲೈಫ್ ಜಾಕೆಟ್‌ನಲ್ಲೋ, ದೋಣಿಗೆ ಇನ್ನಿಬ್ಬರನ್ನ ತುಂಬೋದರಲ್ಲೋ ಉಳಿಸಿರ್ತಾರೆ. ಹತ್ತೋ ಮುಂಚೆ ತಲೆ ಎಣಿಸಿ, ಜಾಕೆಟ್ ಎಣಿಸಿ. ಲೆಕ್ಕ ಹೊಂದಲಿಲ್ಲ ಅಂದ್ರೆ ಹತ್ತಬೇಡಿ.

ಇನ್ನೊಂದು ಕೆಲಸ, ಹೊರಡೋ ಮುಂಚೆ ಗ್ರೂಪ್‌ನಲ್ಲಿ ಒಂದು ಒಪ್ಪಂದ ಮಾಡ್ಕೊಳ್ಳಿ. ಯಾರೇ ಒಬ್ಬರು "ನಂಗೆ ಸರಿ ಅನ್ನಿಸ್ತಿಲ್ಲ" ಅಂದ್ರೂ ಅವರನ್ನ ಯಾರೂ ಗೇಲಿ ಮಾಡಬಾರದು, ಕಾರಣ ಕೇಳಿ ಪೀಡಿಸಬಾರದು. ಈಜು ಬರಲ್ಲ ಅಂತ ಹೇಳೋಕೆ ನಾಚಿಕೆ ಪಡೋ ಫ್ರೆಂಡ್ ಪ್ರತಿ ಗ್ರೂಪ್‌ನಲ್ಲೂ ಒಬ್ಬರು ಇರ್ತಾರೆ. ಅವರು ಬಾಯಿ ಬಿಟ್ಟು ಹೇಳೋ ಹಾಗೆ ಮಾಡೋದು ಉಳಿದವರ ಕೆಲಸ.

ಘಟ್ಟ ಎಲ್ಲಿಗೂ ಹೋಗಲ್ಲ, ಕಡಲೂ ಹೋಗಲ್ಲ. ಈ ಸಲ ಆಗಲಿಲ್ಲ ಅಂದ್ರೆ ಮುಂದಿನ ನವೆಂಬರ್ ಇದ್ದೇ ಇದೆ. ನಿಮ್ಮ ಗ್ರೂಪ್‌ನಲ್ಲಿ ಟ್ರಿಪ್ ಪ್ಲಾನ್ ಮಾಡೋ ಆ ಒಬ್ಬ ಪಾಪದ ಮನುಷ್ಯನಿಗೆ ಈ ಎಪಿಸೋಡ್ ಕಳಿಸಿ. ಹೋಗಿ ಬಂದವರು ನಿಮ್ಮ ಖರ್ಚಿನ ಲೆಕ್ಕ ಬರೆದು ಕಳಿಸಿ, ನಾನು ಓದ್ತೀನಿ.